ಸೆರೊಟೋನಿನ್ ಇಳಿಸಿದ ಇಲಿಗಳು: ಲ್ಯಾಬಿನಲ್ಲಿ ನನ್ನ ಅನುಭವ

ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್ ಕಡಿಮೆಯಾದರೆ ಇಲಿ ಮಂಕಾಗಿ ಮೂಲೆ ಸೇರುತ್ತದೆ ಅಂತ ಲ್ಯಾಬಿಗೆ ಹೊಸದಾಗಿ ಬರುವವರು ಅಂದುಕೊಂಡಿರುತ್ತಾರೆ. ನಾನು ಬೋನಿನಲ್ಲಿ ಕಂಡದ್ದು ಬೇರೆಯೇ. ಮೊದಲು ಹೋಗುವುದು ಇಲಿಯ ತಾಳ್ಮೆ.

ಸೆರೊಟೋನಿನ್ ಇಳಿಸಲು ನಾನು ಬಳಸುವುದು ಪಿಸಿಪಿಎ. 1966ರಿಂದ ಗೊತ್ತಿರುವ ಹಳೆಯ ಮದ್ದು. ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲದಿಂದ ಸೆರೊಟೋನಿನ್ ತಯಾರಾಗಬೇಕಾದರೆ ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಬೇಕು. ಪಿಸಿಪಿಎ ಅದನ್ನೇ ಕಟ್ಟಿಹಾಕುತ್ತದೆ. ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಕಿಲೋ ತೂಕಕ್ಕೆ 300 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೊಮ್ಮೆ, ಮೂರು ದಿನ ಹೊಟ್ಟೆಗೆ ಇಂಜೆಕ್ಷನ್. 25 ಗ್ರಾಂ ಇಲಿಗೆ 7.5 ಮಿಲಿಗ್ರಾಂ ಆಗುತ್ತದೆ. ಹೋಲಿಸಿ ನೋಡಲು ಇಟ್ಟ ಗುಂಪಿಗೆ ಬರೀ ಸಲೈನ್, ಅಂದರೆ ಉಪ್ಪುನೀರು. ಯಾವ ಬೋನಿಗೆ ಯಾವುದು ಅಂತ ವಿಡಿಯೋ ನೋಡಿ ಅಂಕ ಹಾಕುವವರಿಗೆ ಗೊತ್ತಿರಬಾರದು. ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಆಮೇಲೆ ಪರೀಕ್ಷೆ. ಗಂಡಿಲಿಯನ್ನು ಕೆಲವು ದಿನ ಒಂಟಿಯಾಗಿ ಇಟ್ಟು, ಕೆಳಗಿನ ಹಾಸು ಬದಲಿಸದೆ, ಅದರ ವಾಸನೆ ಅಲ್ಲೇ ಉಳಿಯುವ ಹಾಗೆ ನೋಡಿಕೊಳ್ಳುತ್ತೇನೆ. ಕೆಂಪು ಬೆಳಕಿನಲ್ಲಿ ಹೊಸ ಇಲಿಯೊಂದನ್ನು ಹತ್ತು ನಿಮಿಷ ಒಳಗೆ ಬಿಡುತ್ತೇನೆ. ಸಲೈನ್ ಇಲಿ ಸಾಮಾನ್ಯವಾಗಿ ಮೂಸುತ್ತದೆ, ಸುತ್ತುತ್ತದೆ, ಮತ್ತೆ ಮೂಸುತ್ತದೆ. ಪಿಸಿಪಿಎ ಇಲಿಯ ಬಾಲವನ್ನು ಗಮನಿಸಿ. ಹಾಸಿನ ಮೇಲೆ ಪಟಪಟ ಬಡಿಯಲು ಶುರುವಾಗುತ್ತದೆ, ಮೈ ಓರೆಯಾಗುತ್ತದೆ, ಮರುಕ್ಷಣವೇ ಹಾರಿ ಕಚ್ಚಲು ಹೋಗುತ್ತದೆ. ರಕ್ತ ಬರುವ ಮೊದಲೇ ಬಿಡಿಸಲು ಕೈ ಸಿದ್ಧ ಇರಬೇಕು. ಎಲ್ಲ ಇಲಿಯೂ ಹೀಗಲ್ಲ. ತಳಿ, ವಯಸ್ಸು, ಒಂಟಿ ಇಟ್ಟ ದಿನಗಳು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ನಡವಳಿಕೆ ಒಂದನ್ನೇ ನಂಬಿದರೆ ಸಾಲದು. ಸೆರೊಟೋನಿನ್ ನಿಜಕ್ಕೂ ಇಳಿದಿದೆಯಾ ಅಂತ ಅದೇ ಇಲಿಯ ಮಿದುಳಿನಲ್ಲಿ ನೋಡಲೇಬೇಕು. ಮಿದುಳನ್ನು ಬೇಗ ಹೊರತೆಗೆದು, ಐಸ್ ಮೇಲಿಟ್ಟ ತಟ್ಟೆಯಲ್ಲಿ ಭಾಗ ಬಿಡಿಸಿ, ತಣ್ಣನೆಯ ಪರ್‌ಕ್ಲೋರಿಕ್ ಆಮ್ಲದಲ್ಲಿ ಅರೆದು, ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುತ್ತೇನೆ. ತಡವಾದರೆ ಸೆರೊಟೋನಿನ್ ಆಕ್ಸಿಡೈಸ್ ಆಗಿ ಹಾಳಾಗುತ್ತದೆ, ಆಮೇಲೆ ಕಡಿಮೆ ಬಂದದ್ದು ಮದ್ದಿನಿಂದಲೋ ನಮ್ಮ ಕೈಯಿಂದಲೋ ಹೇಳಲಾಗದು. ಪಿಸಿಪಿಎ ಗುಂಪಿನ ಸೆರೊಟೋನಿನ್ ಪೀಕ್, ಅಂದರೆ ಯಂತ್ರದ ಗ್ರಾಫಿನಲ್ಲಿ ಅದರ ಏರು, ಸಲೈನ್ ಗುಂಪಿನ ಅರ್ಧಕ್ಕೂ ಏರುವುದಿಲ್ಲ. ಸೆರೊಟೋನಿನ್ ಒಡೆದಾಗ ಬರುವ 5-ಎಚ್‌ಐಎಎ ಕೂಡ ಇಳಿದಿರುತ್ತದೆ. ಮಿದುಳಿನ ಇನ್ನೊಂದು ಸಂದೇಶವಾಹಕ ಡೋಪಮಿನ್ ಅಷ್ಟಾಗಿ ಇಳಿಯುವುದಿಲ್ಲ. ಅದೇ ಬಗೆಯ ನಾರ್‌ಅಡ್ರಿನಲಿನ್ ಸ್ವಲ್ಪ ಇಳಿಯಬಹುದು, ಅದಕ್ಕೇ ಆ ಪೀಕ್ ಮೇಲೂ ಕಣ್ಣಿಡುತ್ತೇನೆ.

ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಡುವ ಪರೀಕ್ಷೆ ಇನ್ನೊಂದಿದೆ. ಪಿಸಿಪಿಎ ಕೊಟ್ಟ ಇಲಿಗೆ 5-ಎಚ್‌ಟಿಪಿ ಕೊಡುವುದು; ಟ್ರಿಪ್ಟೊಫಾನ್ ಸೆರೊಟೋನಿನ್ ಆಗುವ ದಾರಿಯಲ್ಲಿ ನಡುವೆ ಬರುವ ವಸ್ತು ಅದು. ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, 5-ಎಚ್‌ಟಿಪಿ ದಾಟುತ್ತದೆ, ಮತ್ತು ಅದು ಸೆರೊಟೋನಿನ್ ಆಗಲು ಪಿಸಿಪಿಎ ಕಟ್ಟಿಹಾಕಿದ ಆ ಕಿಣ್ವದ ಹಂಗೇ ಇಲ್ಲ. ಅದು ಕೊಟ್ಟ ಮೇಲೆ ಬಾಲದ ಬಡಿತ ಕಡಿಮೆಯಾದರೆ, ಸಿಟ್ಟಿಗೆ ಸೆರೊಟೋನಿನ್ ಕೊರತೆಯೇ ಕಾರಣ ಅನ್ನಲು ಬಲ ಬರುತ್ತದೆ. ಆದರೂ ಪಿಸಿಪಿಎ ಕರುಳಿನ ಸೆರೊಟೋನಿನ್ನನ್ನೂ ಇಳಿಸುತ್ತದೆ, ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ಅಲ್ಲೇ ಅಲ್ವಾ? ಮಿದುಳಿನದನ್ನು ಮಾತ್ರ ಇಳಿಸಬೇಕಾದರೆ ಟಿಪಿಎಚ್2, ಅಂದರೆ ಮಿದುಳಿನ ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್ ತಯಾರಿಸುವ ವಂಶವಾಹಿ, ತೆಗೆದ ಇಲಿಗಳಿವೆ. ಮಿದುಳಿಗೆ ಬೇರೆಯೇ ಕಿಣ್ವ ಇದೆ ಅಂತ ತಿಳಿದದ್ದೇ 2003ರಲ್ಲಿ, ಬರ್ಲಿನ್ನಿನ ಸಂಶೋಧಕರಿಂದ. ಆ ಇಲಿಗಳೂ ಜಗಳಗಂಟಿಗಳೇ. ತಾಯಿ ಇಲಿಗಳು ಮರಿಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ. ಖಿನ್ನತೆ ಅಳೆಯುವ ಈಜಿನ ಪರೀಕ್ಷೆಗಳಲ್ಲಿ ಮಾತ್ರ ಅವು ಮಂಕಾಗಿ ಕಾಣಲೇಬೇಕೆಂದಿಲ್ಲ. ಹಾಗಾಗಿ ನನ್ನ ವರದಿಯಲ್ಲಿ 'ಖಿನ್ನತೆಯ ಇಲಿ' ಅಂತ ಬರೆಯುವುದಿಲ್ಲ, 'ಸೆರೊಟೋನಿನ್ ಇಳಿಸಿದ ಇಲಿ' ಅಂತಲೇ ಬರೆಯುತ್ತೇನೆ.