ಕೋಚ್ ಎದುರಾಳಿ ತಂಡಕ್ಕೆ ಹೋದ ವರ್ಷ

ಜನವರಿಯ ಒಂದು ಬೆಳಿಗ್ಗೆ ಆಫೀಸಿಗೆ ಹೋದರೆ ಪಕ್ಕದ ಕೋಣೆ ಖಾಲಿ. ನಮ್ಮ ಲೈನ್‌ಬ್ಯಾಕರ್‌ಗಳ (ಎದುರಾಳಿಯ ದಾಳಿ ತಡೆಯುವ ಆಟಗಾರರ) ಕೋಚ್ ಕೆಲಸ ಬಿಟ್ಟಿದ್ದರು. ಹೋಗಿದ್ದು ಎಲ್ಲಿಗೆ? ನವೆಂಬರ್ ಕೊನೆಯಲ್ಲಿ ನಾವು ಎದುರಿಸಲೇಬೇಕಾದ ತಂಡಕ್ಕೆ.

ಆಗ ನಾನು ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡದಲ್ಲಿ ವಿಡಿಯೋ ನೋಡಿಕೊಳ್ಳುತ್ತಿದ್ದೆ. ದಾವಣಗೆರೆಯಿಂದ ಎಂಎಸ್ ಓದಲು ಹೋದವನು ಕೈಖರ್ಚಿಗೆ ಅಂತ ಕ್ಯಾಮೆರಾ ಹಿಡಿದೆ, ಅಲ್ಲೇ ಉಳಿದೆ. ಹೆಲ್ಮೆಟ್ ಹಾಕಿ ಆಡುವ ಈ ಫುಟ್‌ಬಾಲ್ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಕೂರಿಸಿಕೊಂಡು ಕಲಿಸಿದ್ದು ಅದೇ ಕೋಚ್. ಅದಕ್ಕೇ ನೋವು ಜಾಸ್ತಿ.

ಈ ಆಟದಲ್ಲಿ ಇದು ಹೊಸದಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಮುಖ್ಯ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಪಳಗಿದ ಬೋ ಶೆಂಬೆಕ್ಲರ್ 1969ರಲ್ಲಿ ಮಿಷಿಗನ್ ತಂಡದ ಮುಖ್ಯ ಕೋಚ್ ಆದರು. ಅದೇ ವರ್ಷ ಗುರುವಿನ ತಂಡವನ್ನು 24-12ರಿಂದ ಸೋಲಿಸಿದರು. ಒಳಗಿದ್ದವರಿಗೆ ಒಳಗಿನದೆಲ್ಲ ಗೊತ್ತಿರುತ್ತದೆ, ಅಲ್ವಾ?

ಮೊದಲು ಬಿಟ್ಟುಹೋದ ಕೋಚ್ ಅವರ ಲಾಗಿನ್ ಮುಚ್ಚಿದೆ. ಆಮೇಲೆ ಸಿಗ್ನಲ್, ಅಂದರೆ ಮುಂದೆ ಯಾವ ಆಟ (ಮೊದಲೇ ಹೆಣೆದ ಒಂದು ನಡೆ) ಆಡಬೇಕು ಅಂತ ಹುಡುಗರಿಗೆ ತಿಳಿಸುವ ಸನ್ನೆ. ಕಾಲೇಜು ಆಟದಲ್ಲಿ ಹೆಲ್ಮೆಟ್ ಒಳಗೆ ರೇಡಿಯೋ ಬಂದದ್ದು 2024ರಲ್ಲಿ. ಅದಕ್ಕೆ ಮುಂಚೆ ಎಲ್ಲವೂ ಗೆರೆಯಾಚೆಯಿಂದ ಕೈಸನ್ನೆ. ಆಟಗಳ ಹೆಸರನ್ನೂ ಬದಲಾಯಿಸೋಣ ಅಂತ ಕೆಲವರು ಹೇಳಿದರು. ನಾನು ಬೇಡ ಎಂದೆ. ಹುಡುಗರು ಬಾಯಿಪಾಠ ಮಾಡಿದ ಪದ ಬದಲಾದರೆ ಗಲಿಬಿಲಿಯಾಗುವುದು ನಮಗೇ. ಸನ್ನೆ ಮಾತ್ರ ಬದಲಾಯಿಸಿದೆವು. ಮೂವರು ಸನ್ನೆ ಮಾಡುತ್ತಾರೆ, ಒಬ್ಬರದ್ದು ಮಾತ್ರ ನಿಜ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ವಿಷಯ. ನಾವು ಯಾವ ಆಟ ಆಡುತ್ತೇವೆ ಅನ್ನುವುದು ಪಂದ್ಯದ ವಿಡಿಯೋದಲ್ಲಿ ಯಾರಿಗಾದರೂ ಸಿಗುತ್ತದೆ. ಆದರೆ ಆ ಕೋಚ್ ದಿನಾ ಪ್ರಾಕ್ಟೀಸ್‌ನಲ್ಲಿ ನಮ್ಮ ಹುಡುಗರನ್ನು ಎದುರಿನಿಂದ ನೋಡಿದ್ದರು. ಅವರ ಕಣ್ಣಿಂದಲೇ ನೋಡಬೇಕು ಅಂತ ಹಳೆಯ ಪ್ರಾಕ್ಟೀಸ್ ವಿಡಿಯೋ ಹಾಕಿಕೊಂಡು ಎರಡು ವಾರ ಕೂತೆ. ಒಂದು ರಾತ್ರಿ ನಮ್ಮ ಎಡಗಡೆಯ ಗಾರ್ಡ್ (ಮುಂಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ) ಮೇಲೆ ವಿಡಿಯೋ ನಿಲ್ಲಿಸಿದೆ. ಬಗ್ಗಿ ಕೈ ಊರಿದ್ದಾನೆ, ಬೆರಳು ಹುಲ್ಲಿನೊಳಗೆ ಹೂತಿದೆ. ಚೆಂಡು ಹಿಡಿದು ಓಡುವ ಆಟ ಅದು. ಮುಂದಕ್ಕೆ ನುಗ್ಗಬೇಕು, ಭಾರವೆಲ್ಲ ಕೈ ಮೇಲೆ. ಪಾಸ್, ಅಂದರೆ ಚೆಂಡು ಎಸೆಯುವ ಆಟ ಇದ್ದಾಗ ಹಿಂದೆ ಸರಿಯಬೇಕು, ಅದೇ ಬೆರಳು ಹುಲ್ಲಿಗೆ ಸುಮ್ನೆ ತಾಗಿದೆ. ನಲವತ್ತು ಸಲ ನೋಡಿದೆ. ಪ್ರತಿ ಸಲವೂ ಹಾಗೇ.

ಬೆಳಿಗ್ಗೆ ಹುಡುಗನಿಗೆ ತೋರಿಸಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಕೋಚ್ ಇದನ್ನು ಹೋದ ವರ್ಷವೇ ಹೇಳಿದ್ದರು. ತಿದ್ದಿಕೋ ಅಂದಿದ್ದರು."

ಅವತ್ತಿನಿಂದ ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರೇ ಉಳಿಯುತ್ತಿದ್ದೆವು. ಅವನು ಬಗ್ಗುತ್ತಿದ್ದ, ನಾನು ನೆಲಕ್ಕೆ ಮಲಗಿ ಅವನ ಕೈಯನ್ನಷ್ಟೇ ಚಿತ್ರೀಕರಿಸುತ್ತಿದ್ದೆ. ಓಟಕ್ಕೂ ಪಾಸಿಗೂ ಒಂದೇ ಭಾರ ಬರುವವರೆಗೆ.

ನವೆಂಬರ್ ಪಂದ್ಯದ ದಿನ ಆ ಕೋಚ್ ನಮ್ಮ ಕಡೆ ಬಂದರು. ಊರಲ್ಲಿ ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಆ ಗಾರ್ಡ್‌ನ ಭುಜ ತಟ್ಟಿ ಹೋದರು. ಮೊದಲ ಆಟಕ್ಕೆ ನಾನು ಕ್ಯಾಮೆರಾವನ್ನು ಹುಡುಗನ ಕೈಗೆ ಜೂಮ್ ಮಾಡಿದೆ. ಬೆರಳು ಹುಲ್ಲಿಗೆ ಸುಮ್ನೆ ತಾಗಿತ್ತು. ಅದು ಓಟದ ಆಟ.