ತೋಟದ ಮನೆಗೆ ಕಾವಲು ನಾಯಿ ತರುವಿರಾ? ಮೊದಲು ಅದಕ್ಕೆ ಜನರನ್ನು ತೋರಿಸಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂಟಿ ಮನೆಗಳು ಜಾಸ್ತಿ. ಕೂಗು ಹಾಕಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಗಟ್ಟಿ ನಾಯಿಯೊಂದು ಬೇಕು ಅನ್ನಿಸುವುದು ಸಹಜ.

ಆದರೆ ರಾಟ್‌ವೀಲರ್‌ನಂಥ ದೊಡ್ಡ ಕಾವಲು ತಳಿಯ ಗಂಡು 50 ಕೆ.ಜಿ. ದಾಟಿಯೂ ಬೆಳೆಯಬಹುದು. ಅದು ಜಗ್ಗಿದರೆ ಹಿಡಿದು ನಿಲ್ಲಿಸುವವರು ಮನೆಯಲ್ಲಿ ಯಾರಿದ್ದಾರೆ? ಅಜ್ಜ, ಅಜ್ಜಿ ಇಬ್ಬರೇ ಇರುವ ಮನೆಯಾದರೆ ಬೇಡ. ಊರ ನಾಯಿಯೇ ಸಾಕು, ಬೊಗಳುವುದು ಅದಕ್ಕೂ ಚೆನ್ನಾಗಿ ಗೊತ್ತು.

ತರುವುದೇ ಆದರೆ 8 ವಾರ ತುಂಬಿದ ಮರಿಯನ್ನೇ ತನ್ನಿ. ಅದರ ತಾಯಿಯನ್ನೂ ನೋಡಿ ಬನ್ನಿ. ತಾಯಿ ಪುಕ್ಕಲಾಗಿದ್ದರೆ ಬೇರೆ ಕಡೆ ಹುಡುಕಿ.

ಮರಿ ಬಂದ ದಿನವೇ ಅಸಲಿ ಕೆಲಸ ಶುರು. ಸುಮಾರು 3ರಿಂದ 14 ವಾರದೊಳಗೆ ಹೆದರದೆ ನೋಡಿದ್ದನ್ನು ನಾಯಿ ಮುಂದೆಯೂ ಸುಲಭವಾಗಿ ಒಪ್ಪುತ್ತದೆ. 'ಬೇರೆಯವರ ಹತ್ತಿರ ಬಿಟ್ಟರೆ ಕಾವಲು ಮರೆಯುತ್ತೆ' ಅನ್ನುವವರಿದ್ದಾರೆ. ಸುಮ್ನೆ ಮಾತು. ಜನರನ್ನೇ ಕಾಣದೆ ಬೆಳೆದ ನಾಯಿಗೆ ಕಳ್ಳನೂ ಒಂದೇ, ಅಡಿಕೆ ಕೊನೆ ಕೊಯ್ಯುವ ಕೊನೆಗಾರನೂ ಒಂದೇ.

ನಮ್ಮ ಕಡೆ ಏನೇನು ತೋರಿಸಬೇಕು? ಕಂಬಳಿ ಕೊಪ್ಪೆ ಹಾಕಿದವರು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು, ಉದ್ದ ಕೋಲಿನ ದೋಟಿ ಹಿಡಿದ ಕೊನೆಗಾರ, ಹೆಲ್ಮೆಟ್ ತೆಗೆಯದೆ ಅಂಗಳಕ್ಕೆ ಬರುವ ನೆಂಟರು, ಓಡಾಡುವ ಮಕ್ಕಳು, ಕೊಟ್ಟಿಗೆಯ ಕರು. ಶಬ್ದಗಳೂ ಬೇಕು: ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಮೆಷಿನ್. ಎಲ್ಲವನ್ನೂ ಮೊದಲು ದೂರದಿಂದ ತೋರಿಸಿ, ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಬಾಲ ಮುದುಡಿತೋ, ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಎಳೆದುಕೊಂಡು ಹೋಗಿ ಪರಿಚಯ ಮಾಡಿಸಿದರೆ ಹೆದರಿಕೆಯೇ ಪರಿಚಯವಾಗುತ್ತದೆ. ಲಸಿಕೆಗಳು ಮುಗಿಯುವ ತನಕ ಪೇಟೆಯಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ತಿರುಗಾಡಿಸಿ. 3 ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹೊತ್ತಿಗೆ ಮತ್ತೆ.

'ಬಾ', 'ಬೇಡ', 'ಕೂರು', ಮನೆಯವರೆಲ್ಲ ಇದೇ ಮಾತು ಬಳಸಲಿ. ತಮಾಷೆಗೂ ಯಾರ ಮೇಲೂ ಛೂ ಬಿಡಬೇಡಿ. ಗುರ್ ಎಂದರೆ ಹೊಡೆಯಲೂ ಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಮುಂದೆ ಎಚ್ಚರಿಸದೆಯೇ ಕಚ್ಚುತ್ತದೆ.

ಇಡೀ ದಿನ ಸರಪಳಿಯಲ್ಲಿ ಕಟ್ಟುವುದು ನಮ್ಮಲ್ಲಿ ಮಾಮೂಲು. ನಾಯಿ ಕೆಡುವುದೇ ಅಲ್ಲಿ. ಮೆಶ್ ಹಾಕಿದ ಅಗಲವಾದ ಜಾಗ ಮಾಡಿ. ಅಡ್ಡ ಗಳು ಸರಿಸುವ ಉಣಗೋಲು ಸಾಲದು, ಗೇಟು ಬೇಕು. ರಾತ್ರಿ ಸೂರು, ಬಾಗಿಲು ಎರಡೂ ಇರುವ ಗೂಡಿನಲ್ಲೇ ಇರಲಿ. ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಅಲ್ವಾ? ಕೊನೆ ಕೊಯ್ಲಿನ ದಿನ ಮೊದಲು ನಾಯಿಯನ್ನು ಒಳಗೆ ಹಾಕಿ, ಆಮೇಲೆ ಆಳುಗಳನ್ನು ಕರೆಯಿರಿ.

ಕಾಡಂಚಿಗೆ ಹೋಗಿ ಬಂದರೆ ಕಿವಿ, ಬೆರಳುಸಂದಿಯಲ್ಲಿ ಉಣುಗು ನೋಡಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿದರೆ ಬರುವ ಕಾಯಿಲೆ ಅದು.

ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಯಾರಿಗಾದರೂ ಹಲ್ಲು ತಾಗಿದರೆ ವಾದ ಆಮೇಲೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅರಿಶಿನ, ಸುಣ್ಣ ಹಚ್ಚಬೇಡಿ. ನಾಯಿಯ ಲಸಿಕೆ ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಕಚ್ಚಿಸಿಕೊಂಡವರನ್ನು ಅವತ್ತೇ ಸರ್ಕಾರಿ ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ.