ದೊಡ್ಡ ನಾಯಿಗೆ ಕ್ಲಿಕ್ಕರ್ ಹಿಡಿದು ಕಲಿಸಿದ್ದು: ನನ್ನ ಅನುಭವ

ನಮ್ಮ ಕೆಂಚ ನಾಟಿ ನಾಯಿ. ಮನೆಗೆ ಬಂದಾಗ ವೆಟ್ ಡಾಕ್ಟರು ಹಲ್ಲು ನೋಡಿ ನಾಲ್ಕು ವರ್ಷ ಇರಬಹುದು ಅಂದರು. ಅಲ್ಲಿವರೆಗೆ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಲ್ಲಿದ್ದ. ಹಗಲು ಸರಪಳಿ, ರಾತ್ರಿ ಕಾವಲು. ತೋಟ ಕೈ ಬದಲಾಯಿತು, ಇವನು ಶಿವಮೊಗ್ಗದ ನಮ್ಮ ಮನೆಗೆ ಬಂದ. ಕೂರು, ಬಾ, ಇರು ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದ ಮಾತು ಒಂದೇ, 'ಹಚಾ'. ಯಾರಾದರೂ ಕೈ ಎತ್ತಿದರೆ, ತಲೆ ಸವರುವುದಕ್ಕೇ ಆದರೂ ಸರಿ, ಹೊಟ್ಟೆ ನೆಲಕ್ಕೆ ಒತ್ತಿ ಹಿಂದೆ ಸರಿಯುತ್ತಿದ್ದ.

'ಮರಿಯಲ್ಲೇ ಕಲಿಸಬೇಕಿತ್ತು, ಇನ್ನು ಇದು ಕಲಿಯಲ್ಲ' ಅಂತ ಬಂದವರೆಲ್ಲ ಹೇಳಿದರು. ಈ ಮಾತು ನಿಜ ಅಲ್ಲ. ದೊಡ್ಡ ನಾಯಿ ಮರಿಗಿಂತ ಜಾಸ್ತಿ ಹೊತ್ತು ಒಂದೇ ಕಡೆ ಗಮನ ಇಡುತ್ತದೆ. ಕೆಂಚನ ತೊಂದರೆ ವಯಸ್ಸಿನದಲ್ಲ. ತಾನು ಏನಾದರೂ ಮಾಡಿದರೆ ಒಳ್ಳೆಯದೂ ಆಗಬಹುದು ಅನ್ನುವುದನ್ನೇ ಅವನು ಯಾವತ್ತೂ ನೋಡಿರಲಿಲ್ಲ. ಅವನ ಪಾಲಿಗೆ ಸುಮ್ನೆ ಇರುವುದೇ ಕ್ಷೇಮ. ಅದಕ್ಕೇ ನಾನು ಆಜ್ಞೆ ಕಲಿಸುವುದರಿಂದ ಶುರು ಮಾಡಲಿಲ್ಲ. ಅವನು ಆಗಲೇ ಮಾಡುತ್ತಿರುವ ಸಣ್ಣಪುಟ್ಟ ಒಳ್ಳೆಯದನ್ನು ಹುಡುಕಿ ಹುಡುಕಿ ಕ್ಲಿಕ್ ಮಾಡಿದೆ, ಅಂದರೆ ಕೈಯಲ್ಲಿದ್ದ ಕ್ಲಿಕ್ಕರ್ ಒತ್ತಿ ಸದ್ದು ಮಾಡಿ ತಿಂಡಿ ಕೊಟ್ಟೆ. ನಿಮ್ಮ ಮನೆಗೂ ಇಂಥ ನಾಯಿ ಬಂದಿದ್ದರೆ ಹೀಗೇ ಶುರು ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಕ್ಲಿಕ್ಕರ್ ಅಂದರೆ ಅಂಗೈಯೊಳಗೆ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಲೋಹದ ಪಟ್ಟಿ. ಒತ್ತಿದರೆ 'ಟಿಕ್' ಅನ್ನುತ್ತದೆ. ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೇ ಸಿಗುತ್ತದೆ. ಆ ಸದ್ದಿಗೆ ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲ. ಪ್ರತಿ ಸಲ ಸದ್ದಿನ ಹಿಂದೆ ತಿಂಡಿ ಬಂದರೆ ಮಾತ್ರ 'ಈಗ ಮಾಡಿದೆಯಲ್ಲ, ಅದು ಸರಿ' ಅನ್ನುವ ಅರ್ಥ ಕೂಡಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಲ್ಲೇ ಈ ದಾರಿಯಲ್ಲಿ ಪ್ರಾಣಿಗಳನ್ನು ಪಳಗಿಸುತ್ತಿದ್ದರು. 1960ರ ದಶಕದಲ್ಲಿ ಹವಾಯಿಯಲ್ಲಿ ಕರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಸೀಟಿ ಊದಿ ಕಲಿಸಿದರು. ನೀರಲ್ಲಿರುವ ಡಾಲ್ಫಿನ್‌ಗೆ ಹಗ್ಗ ಹಾಕಿ ಎಳೆಯೋಕೆ ಆಗಲ್ಲ, ಹೊಡೆಯೋಕೂ ಆಗಲ್ಲ, ಅದಾಗಿ ಬಂದರೆ ಬಂತು. ನಾಯಿ ಸಾಕುವವರಲ್ಲಿ ಕ್ಲಿಕ್ಕರ್ ಹರಡಿದ್ದು 1990ರ ದಶಕದಲ್ಲಿ, ಅದರಲ್ಲಿ ಪ್ರಯರ್ ಅವರ ಪಾಲು ದೊಡ್ಡದು. ಕೈ ಎತ್ತಿದರೆ ನಡುಗುವ ನಾಯಿಗೆ ಇದೇ ಸರಿ ಅಂತ ನನಗನ್ನಿಸಿದ್ದು ಆ ಡಾಲ್ಫಿನ್ ಕಥೆಯಿಂದಲೇ.

ಕಲಿಸುವುದಕ್ಕೆ ಮೊದಲು ಡಾಕ್ಟರ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿದೆ. ರೇಬಿಸ್ ಲಸಿಕೆ, ಜಂತಿನ ಔಷಧ, ಉಣುಗಿಗೆ ಔಷಧ ಎಲ್ಲ ಆಯಿತು. ಕಿವಿ, ಸೊಂಟ, ಕೀಲು ಕೂಡ ನೋಡಿಸಿ. ಸೊಂಟ ನೋಯುವ ನಾಯಿ ಕೂರು ಅಂದರೆ ಕೂರುವುದಿಲ್ಲ, ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ.

ತಿಂಡಿಯ ವಿಷಯದಲ್ಲಿ ಜಿಪುಣತನ ಬೇಡ. ದಿನಾ ತಟ್ಟೆಗೆ ಬೀಳುವ ಮೊಸರನ್ನದ ಉಂಡೆಗೆ ದೊಡ್ಡ ನಾಯಿ ಮೈ ಬಗ್ಗಿಸುವುದಿಲ್ಲ. ಕೋಳಿ ಎದೆ ಮಾಂಸವನ್ನು ಬರೀ ನೀರಲ್ಲಿ ಬೇಯಿಸಿ ಕಡಲೆ ಕಾಳಿನಷ್ಟು ಚೂರು ಮಾಡಿ, ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿಡುತ್ತಿದ್ದೆ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಅಷ್ಟೇ. ಮನೆಯಲ್ಲಿ ಮಾಂಸ ಮಾಡದವರು ಪನೀರ್ ಚೂರು ಕೊಡಬಹುದು, ಮೊಟ್ಟೆ ನಡೆಯುತ್ತದೆ ಅಂದರೆ ಬೇಯಿಸಿದ ಮೊಟ್ಟೆ. ಎಷ್ಟು ಕೊಟ್ಟೆನೋ ಅಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡುತ್ತಿದ್ದೆ. ಇಲ್ಲದಿದ್ದರೆ ನಾಯಿ ಊದಿಕೊಳ್ಳುತ್ತದೆ.

ಇನ್ನೊಂದು ಕೆಲಸ ನಾಯಿ ಇಲ್ಲದಾಗ ಮಾಡಿಕೊಳ್ಳುವುದು. ಮಗಳು ಚೆಂಡು ಪುಟಿಸುತ್ತಿದ್ದಳು, ಅದು ನೆಲಕ್ಕೆ ತಾಗಿದ ಆ ಹೊತ್ತಿಗೇ ನಾನು ಕ್ಲಿಕ್ ಮಾಡಬೇಕು. ಆಟದ ಹಾಗೆ ಕಾಣುತ್ತದೆ, ಆದರೆ ಬೆರಳು ಎಷ್ಟು ತಡ ಅಂತ ಇದರಲ್ಲಿ ತಿಳಿಯುತ್ತದೆ. ನಾಯಿ ಕೂತ ಮೇಲೆ ಒಂದು ಕ್ಷಣ ತಡವಾದರೆ ನೀವು ಕ್ಲಿಕ್ ಮಾಡಿದ್ದು ಅದು ಎದ್ದದ್ದಕ್ಕೆ.

ಮೊದಲ ದಿನ ಬರೀ ಕ್ಲಿಕ್, ತಿಂಡಿ, ಕ್ಲಿಕ್, ತಿಂಡಿ. ಅವನಿಂದ ಏನೂ ಕೇಳಬಾರದು. ಕೆಂಚ ಸದ್ದಿಗೆ ಬೆಚ್ಚುತ್ತಾನೆ ಅಂತ ಗೊತ್ತಿತ್ತು, ಪಟಾಕಿ ಅಂದರೆ ಮಂಚದ ಕೆಳಗೆ ನುಸುಳುವವನು. ಹಾಗಾಗಿ ಕ್ಲಿಕ್ಕರನ್ನು ದಪ್ಪ ಕಾಲುಚೀಲದೊಳಗೆ ಹಾಕಿ, ಆ ಕೈಯನ್ನು ಜೇಬಲ್ಲಿ ಇಟ್ಟುಕೊಂಡು ಒತ್ತಿದೆ. ಅದಕ್ಕೂ ಹೆದರುವ ನಾಯಿಗೆ ಬಾಲ್ ಪೆನ್ನಿನ ಟಿಕ್ ಸಾಕು, ಅದೂ ಬೇಡ ಅಂದರೆ 'ಹ್ಞಾಂ' ಅನ್ನುವ ಒಂದೇ ಚಿಕ್ಕ ಮಾತು. ಸದ್ದು ಒಂದೇ ಥರ ಇರಬೇಕು, ಅದರ ಹಿಂದೆ ತಿಂಡಿ ಬರಲೇಬೇಕು, ಅಷ್ಟೇ. ಕೈಯಿಂದ ತಿನ್ನುವುದಕ್ಕೆ ಅವನಿಗೆ ಧೈರ್ಯ ಇರಲಿಲ್ಲ, ನೆಲಕ್ಕೆ ಹಾಕುತ್ತಿದ್ದೆ. ಇಲ್ಲೊಂದು ಮುಖ್ಯ ವಿಷಯ ಇದೆ. ತಿಂಡಿಯ ಕೈ ಕ್ಲಿಕ್ ಆಗುವವರೆಗೆ ಅಲ್ಲಾಡಬಾರದು. ಮೊದಲು ಸದ್ದು, ಆಮೇಲೆ ಕೈ ತಿಂಡಿಯ ಚೀಲಕ್ಕೆ. ಎರಡೂ ಒಟ್ಟಿಗೆ ಆದರೆ ನಾಯಿ ಕೈಯನ್ನೇ ನೋಡುತ್ತದೆ, ಸದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಅರ್ಥ ಆಗಿದೆಯಾ ಅಂತ ನೋಡುವುದಕ್ಕೆ ಅವನು ಬೇರೆಲ್ಲೋ ನೋಡುತ್ತಿದ್ದಾಗ ಒಮ್ಮೆ ಒತ್ತಿ. ಪಟ್ಟನೆ ತಲೆ ತಿರುಗಿತು ಅಂದರೆ ಆಯಿತು. ಹಾಗಂತ ಅವನನ್ನು ಕರೆಯೋಕೆ ಕ್ಲಿಕ್ಕರ್ ಬಳಸಬಾರದು, ಅದು ಕರೆಗಂಟೆ ಅಲ್ಲ.

ಆಮೇಲೆ ಕಲಿಸಿದ್ದು 'ಕೂರು' ಅಲ್ಲ, ನೋಟ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿರುತ್ತಿದ್ದೆ. ಅವನು ನನ್ನ ಕಡೆ ಒಂದು ಚೂರು ತಲೆ ತಿರುಗಿಸಿದರೂ ಕ್ಲಿಕ್, ತಿಂಡಿ. ಕರೆಯಲಿಲ್ಲ, ಚಿಟಿಕೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನ ಮುಖದಲ್ಲಿ ಏನೋ ಬದಲಾಯಿತು. ನೋಡಿದ, ಟಿಕ್ ಅಂತು, ತಿಂದ, ಮತ್ತೆ ಬೇಕಂತಲೇ ನೋಡಿದ. ತಾನು ನೋಡುವುದರಿಂದಲೇ ತಿಂಡಿ ಬರುತ್ತಿದೆ ಅಂತ ಅವನಿಗೆ ಹೊಳೆದದ್ದು ಅಲ್ಲಿ. ಮುಂದೆ ಅವನು ಕಲಿತದ್ದೆಲ್ಲ ಇದರ ಮೇಲೇ ನಿಂತಿದೆ ಅಂತ ನಾನು ನಂಬಿದ್ದೇನೆ. ಇದಾಗುವ ಮೊದಲೇ 'ಕೂರು ಕೂರು' ಅಂತ ಬೆನ್ನು ಒತ್ತಿದ್ದರೆ ಅವನು ಇನ್ನೊಂದು ಥರದ ಸರಪಳಿ ಅಂದುಕೊಳ್ಳುತ್ತಿದ್ದ.

ಅದಾದ ಮೇಲೆ ಅಂಗೈ ಮುಟ್ಟುವುದು. ಹೊಡೆತ ತಿಂದ ನಾಯಿಗೆ, ಕೈ ಕಂಡರೆ ಹೆದರುವ ನಾಯಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಂಗೈ ಬಿಡಿಸಿ, ಅವನ ಮೂತಿಗಿಂತ ಕೆಳಗೆ, ಪಕ್ಕಕ್ಕೆ ಹಿಡಿದೆ. ಮುಖದ ಮೇಲೆ ಚಾಚಲಿಲ್ಲ. ಕೈ ಕಡೆ ನೋಡಿದರೆ ಕ್ಲಿಕ್. ಒಂದು ಹೆಜ್ಜೆ ಬಂದರೆ ಕ್ಲಿಕ್. ಮೂಸಿದರೆ ಕ್ಲಿಕ್. ಪ್ರತಿ ಸಲ ಕೈ ಹಿಂದಕ್ಕೆ ತೆಗೆದು ಮತ್ತೆ ಹಿಡಿಯುವುದು. ಒದ್ದೆ ಮೂಗು ಅಂಗೈಗೆ ತಾಗುವುದು ಖಾತ್ರಿಯಾದ ಮೇಲೆ ಎಡಕ್ಕೆ, ಬಲಕ್ಕೆ, ಎರಡು ಹೆಜ್ಜೆ ದೂರಕ್ಕೆ, ಆಮೇಲೆ ಹಿತ್ತಲಿನ ಆ ಕೊನೆಯಿಂದ. ಕೈ ಚಾಚಿದರೆ ಓಡಿ ಬರುತ್ತಾನೆ ಅನ್ನುವಷ್ಟು ಆದಾಗ, ಕೈ ಚಾಚುವುದಕ್ಕೆ ಸ್ವಲ್ಪ ಮುಂಚೆ 'ಬಾ' ಅನ್ನತೊಡಗಿದೆ. ಮಾತು ಕೊನೆಗೆ ಸೇರಬೇಕು. ಗೊತ್ತೇ ಇಲ್ಲದ ಕೆಲಸಕ್ಕೆ ಮೊದಲೇ ಹೆಸರಿಟ್ಟು ಹತ್ತು ಸಲ ಕೂಗಿದರೆ ಆ ಮಾತು ಅವನಿಗೆ ಫ್ಯಾನಿನ ಸದ್ದಿನಷ್ಟೇ.

ಮನೆಯವರೆಲ್ಲ ಒಂದೇ ಮಾತು ಬಳಸಬೇಕು ಅನ್ನುವುದೂ ಇಲ್ಲೇ. ಅತ್ತೆ 'ಕೂತ್ಕೊಳೋ', ಮಗಳು 'ಸಿಟ್', ನಾನು 'ಕೂರು' ಅಂದರೆ ಪಾಪ ಅವನು ಏನು ಮಾಡಬೇಕು? ಕೂರು, ಬಾ, ಇರು, ಬಿಡು ಅಂತ ನಾಲ್ಕು ಮಾತು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆವು.

'ಕೂರು' ಕಲಿಸಿದ್ದು ಸುಲಭ. ತಿಂಡಿಯನ್ನು ಮೂಗಿನ ಮೇಲಿಂದ ತಲೆ ಹಿಂದಕ್ಕೆ ನಿಧಾನಕ್ಕೆ ಒಯ್ದರೆ ಹಿಂಭಾಗ ತಾನಾಗಿ ಇಳಿಯುತ್ತದೆ. ನೆಲಕ್ಕೆ ತಾಗಿದ ಕೂಡಲೇ ಕ್ಲಿಕ್. ಎರಡು ಮೂರು ಸಲ ಆದ ಮೇಲೆ ಖಾಲಿ ಕೈಯಲ್ಲೇ ಅದೇ ಸನ್ನೆ ಮಾಡಿ, ತಿಂಡಿ ಬೇರೆ ಕೈಯಿಂದ ಕೊಡಿ. ಇಲ್ಲದಿದ್ದರೆ ತಿಂಡಿ ಕಂಡರೆ ಮಾತ್ರ ಕೂರುವ ಅಭ್ಯಾಸ ಆಗುತ್ತದೆ. ಮೈಯಲ್ಲಿ ಮಾಂಸ ಕಡಿಮೆ ಇರುವ ನಾಟಿ ನಾಯಿಗಳು ತಣ್ಣನೆಯ ಸಿಮೆಂಟ್ ನೆಲದ ಮೇಲೆ ಕೂರೋಕೆ ಹಿಂಜರಿಯುತ್ತವೆ. ಒಂದು ಗೋಣಿಚೀಲ ಹಾಸಿದೆ, ತಕ್ಷಣ ಕೂತ.

ಆ ಗೋಣಿಚೀಲವೇ ಮುಂದೆ ಬಹಳ ಕೆಲಸಕ್ಕೆ ಬಂತು. ಗೇಟಿನ ಸದ್ದಾದರೆ ಸಾಕು ಕೆಂಚ ಕೊರಿಯರ್ ಹುಡುಗನ ಮೇಲೆ ಎಗರುವ ಹಾಗೆ ಓಡುತ್ತಿದ್ದ. ಬೊಗಳಬೇಡ ಅಂತ ಬಯ್ಯುವ ಬದಲು ಆ ಹೊತ್ತಿಗೆ ಏನು ಮಾಡಬೇಕು ಅಂತ ಕಲಿಸುವುದು ಒಳ್ಳೆಯದು ಅಲ್ವಾ. ಮೊದಲು ಚೀಲದ ಕಡೆ ನೋಡಿದರೆ ಕ್ಲಿಕ್, ಒಂದು ಕಾಲಿಟ್ಟರೆ, ಎರಡು ಕಾಲಿಟ್ಟರೆ, ನಾಲ್ಕೂ ಇಟ್ಟರೆ, ಮಲಗಿದರೆ. ಚೀಲದ ಮೇಲಿದ್ದಾಗ ತಿಂಡಿಯನ್ನು ಚೀಲದ ಮೇಲೇ ಹಾಕುವುದು. ಒಮ್ಮೊಮ್ಮೆ ದೂರ ಎಸೆದು, ಅವನು ತಾನಾಗಿ ವಾಪಸ್ ಬರುವುದನ್ನು ಕಾಯುವುದು. ಅದು ಗಟ್ಟಿಯಾದ ಮೇಲೆ ಮಗಳು ಗೇಟು ಮೆಲ್ಲಗೆ ಅಲ್ಲಾಡಿಸಿದಳು, ಆಮೇಲೆ ಜೋರಾಗಿ, ಆಮೇಲೆ ಪಕ್ಕದ ಮನೆಯವರು ಬಂದು ನಿಂತರು. ದೂರ, ಹೊತ್ತು, ಸುತ್ತಲಿನ ಗಲಾಟೆ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಕಷ್ಟ ಮಾಡಬೇಕು. ಹೊಸ ಜನ ಇದ್ದರೆ ಹೊತ್ತು ಕಡಿಮೆ ಮಾಡಿ, ಹತ್ತಿರ ನಿಂತುಕೊಳ್ಳಿ.

ಒಂದು ಪಾಠ ಎರಡು ಮೂರು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಮುಗಿಸಿಬಿಡಿ. ಸುಮಾರು ಹೊತ್ತು ಕ್ಲಿಕ್ಕೇ ಬರಲಿಲ್ಲ ಅಂದರೆ ನಾವು ಕೇಳಿದ್ದು ಜಾಸ್ತಿಯಾಯಿತು ಅಂತ. ಒಂದು ಮೆಟ್ಟಿಲು ಕೆಳಗಿಳಿದು ಸುಲಭದ್ದನ್ನು ಕೇಳಬೇಕು. ಆಕಳಿಕೆ, ಮೈ ಕೆರೆದುಕೊಳ್ಳುವುದು, ಇದ್ದಕ್ಕಿದ್ದ ಹಾಗೆ ನೆಲ ಮೂಸುತ್ತಾ ಹೋಗುವುದು ಇವೆಲ್ಲ ಸೋಮಾರಿತನ ಅಲ್ಲ. ಅವನಿಗೆ ಒತ್ತಡವಾಗುತ್ತಿದೆ, ನಿಲ್ಲಿಸಿ. ಕೈ ತಪ್ಪಿ ಕ್ಲಿಕ್ ಆದರೂ ತಿಂಡಿ ಕೊಡಲೇಬೇಕು, ಆ ಮಾತಿಗೆ ತಪ್ಪಬಾರದು.

'ಜೀವಮಾನವಿಡೀ ಟಿಕ್ ಟಿಕ್ ಮಾಡುತ್ತಾ ಕೋಳಿ ಕೊಡಬೇಕಾ' ಅಂತ ಜನ ಕೇಳುತ್ತಾರೆ. ಬೇಡ. ಕ್ಲಿಕ್ಕರ್ ಹೊಸದನ್ನು ಕಲಿಸುವಾಗ ಮಾತ್ರ. 'ಕೂರು', 'ಬಾ' ಈಗ ಕೆಂಚನಿಗೆ ಪಕ್ಕಾ, ಅದಕ್ಕೆ ಕ್ಲಿಕ್ ಬೇಕಿಲ್ಲ. ಆದರೆ ಬಹುಮಾನ ಪೂರ್ತಿ ನಿಲ್ಲಿಸಬೇಡಿ. ಕೂತರೆ ಗೇಟು ತೆರೆಯುತ್ತೇನೆ, ಅದೇ ಅವನಿಗೆ ಕೋಳಿಗಿಂತ ದೊಡ್ಡದು. 'ಬಾ' ಅಂದಾಗ ಓಡಿ ಬಂದರೆ ಮಾತ್ರ ಇವತ್ತಿಗೂ ಏನಾದರೂ ಕೊಡುತ್ತೇನೆ, ಯಾಕೆಂದರೆ ರಸ್ತೆಯಲ್ಲಿ ಆ ಒಂದು ಮಾತು ಅವನ ಜೀವ ಉಳಿಸಬಹುದು. ಮಂಗ ಕಂಡರೆ ಇನ್ನೂ 'ಬಾ' ಕೇಳಿಸುವುದಿಲ್ಲ, ಅದಕ್ಕೇ ಹೊರಗೆ ಉದ್ದನೆಯ ಹಗ್ಗ, ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಇದ್ದೇ ಇರುತ್ತದೆ.

ಈಗ ಉಗುರು ಕತ್ತರಿಸುವುದನ್ನು ಕಲಿಸುತ್ತಿದ್ದೇನೆ. ಕಟ್ಟರ್ ತೋರಿಸಿ ಕ್ಲಿಕ್, ಪಾದ ಮುಟ್ಟಿ ಕ್ಲಿಕ್, ಕಟ್ಟರ್ ಉಗುರಿಗೆ ತಾಗಿಸಿ ಕ್ಲಿಕ್, ಒಂದು ದಿನಕ್ಕೆ ಒಂದೇ ಉಗುರು. ಪಾದ ಎಳೆದುಕೊಂಡರೆ ಬಿಟ್ಟುಬಿಡುತ್ತೇನೆ, ಹಿಡಿದು ಎಳೆಯುವುದಿಲ್ಲ. ಮುಂಗಾಲಿನದು ಮುಗಿಯಿತು, ಹಿಂಗಾಲು ಶುರು ಮಾಡಬೇಕು.